ಗಾಜು, ನಂಬರ್ ಹದಿನೇಳು

ಮುಖ ತೊಳೆದು ಕುಂಕುಮ ಇಟ್ಟುಕೊಳ್ಳುವವರಿಗಾಗಿ ನನ್ನನ್ನು ಮಾಡಲಿಲ್ಲ. ಹಿಂದಿನಿಂದ ಬರುವವರನ್ನು ತೋರಿಸಲೆಂದು ಹುಟ್ಟಿದ ಕನ್ನಡಿ ನಾನು. ಅಂಗೈಯಷ್ಟು ಅಗಲ, ಕಪ್ಪು ಚೌಕಟ್ಟು, ಕಂಬಿಯ ಒಂದೇ ಕಾಲು. ನನ್ನ ಗಾಜು ಸ್ವಲ್ಪ ಉಬ್ಬಿದೆ. ಅದರಿಂದ ನನ್ನೊಳಗೆ ಬಂದವರೆಲ್ಲ ಇರುವುದಕ್ಕಿಂತ ತುಸು ಚಿಕ್ಕದಾಗಿ ಕಾಣುತ್ತಾರೆ, ಅಧಿಕಾರಿಗಳು ಕೂಡ. ಬೇಕೆಂದು ಮಾಡುವುದಲ್ಲ, ಹುಟ್ಟೇ ಹಾಗೆ.

ಒಂದು ಉದ್ದನೆಯ ಶೆಡ್ಡಿನಲ್ಲಿ ಗಾಜಿನ ಹಾಳೆಯನ್ನು ಕಾಯಿಸಿ, ಬಾಗಿಸಿ, ದುಂಡಗೆ ಕತ್ತರಿಸಿದರು. ಬೆನ್ನಿಗೆ ಬೆಳ್ಳಿಯಂಥ ಲೇಪ ಬಳಿದರು. ಅದು ಒಣಗಿದ ಕ್ಷಣದಿಂದ ನಾನು ನೋಡುತ್ತಿದ್ದೇನೆ. ಕಣ್ಣು ಮುಚ್ಚುವ ಅನುಕೂಲ ನನಗಿಲ್ಲ. ಕಿವಿಯೂ ಇಲ್ಲ. ಈ ಕಥೆಯಲ್ಲಿ ಬರುವ ಮಾತುಗಳೆಲ್ಲ ನಾನು ತುಟಿ ನೋಡಿ ತಿಳಿದವು. ಬರಹ ನನ್ನೊಳಗೆ ತಿರುವುಮುರುವಾಗಿ ಬೀಳುತ್ತದೆ, ತುಟಿ ಹಾಗಲ್ಲ. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ. ಆದರೂ ಅರ್ಧ ತುಟಿಯಿಂದ, ಇನ್ನರ್ಧ ಊಹೆಯಿಂದ ಎಂದು ಒಪ್ಪಿಕೊಳ್ಳುತ್ತೇನೆ.

ನನ್ನನ್ನು ಮೊದಲು ಒಂದು ಮೊಪೆಡ್ಡಿನ ಬಲಗೈಗೆ ಕೂರಿಸಿದರು. ಎಡಗೈಯಲ್ಲಿ ನನ್ನ ಜೊತೆಯವನಿದ್ದ. ಗಾಡಿಯನ್ನು ಕೊಂಡವನು ಮಂಡ್ಯದ ಕಡೆಯ ಬೋರಲಿಂಗಯ್ಯ. ಊರಾಚೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವನು ಹೊಲಿಗೆ ಮಿಷನ್‌ಗಳ ಮೆಕ್ಯಾನಿಕ್. ಹಿಂದೆ ಬರುವ ಲಾರಿ ಬಸ್ಸುಗಳನ್ನು ನೋಡಲು ಅವನಿಗೆ ನನ್ನ ಜೊತೆಯವನೇ ಸಾಕಾಗಿತ್ತು. ನನ್ನನ್ನು ಮಾತ್ರ ಹಿಂದಿನ ಸೀಟಿನಲ್ಲಿ ಕೂರುವ ಹೆಂಡತಿಯ ಮುಖ ಕಾಣುವಂತೆ ತಿರುಗಿಸಿಟ್ಟಿದ್ದ. ಆ ಮೊಪೆಡ್ಡಿನ ಸದ್ದಿನಲ್ಲಿ ಅವಳು ಹೇಳುವುದೊಂದೂ ಅವನ ಕಿವಿಗೆ ಬೀಳುತ್ತಿರಲಿಲ್ಲವಂತೆ. ಅವಳೋ ದಾರಿಯುದ್ದಕ್ಕೂ ಮಾತಾಡುವವಳು. ಅವನು ನನ್ನಲ್ಲಿ ಅವಳ ತುಟಿ ನೋಡಿ ತಲೆದೂಗುತ್ತಿದ್ದ. ನಾನು ತುಟಿ ಓದಲು ಕಲಿತದ್ದೂ ಅಲ್ಲಿಯೇ.

ಒಂದು ಸಂಜೆ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಕಾರ್ಖಾನೆಯಲ್ಲಿ ನಡೆದದ್ದನ್ನು ಅವನು ಹೆಂಡತಿಗೆ ಹೇಳಿದ. ಹೊಸದಾಗಿ ಸೇರಿದ್ದ ದಾಕ್ಷಾಯಣಿ ಎಂಬ ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮೈಸೂರಿನ ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಹೊಲಿಗೆ ಕಲಿತು ಬಂದವಳು. ಮೂರು ತಿಂಗಳು ನೋಡೋಣ, ಸರಿಹೋಗದಿದ್ದರೆ ಮನೆಗೆ ಎಂಬ ಮಾತಿನ ಮೇಲೆ ಅವಳನ್ನು ತೆಗೆದುಕೊಂಡಿದ್ದರು. ಅವಳಿಗೆ ಯಾರಿಂದಲೂ ತೊಂದರೆಯಾಗದಿರಲಿ ಎಂದು, ಇದು ನಿಜವಾದ ಕರುಣೆಯಿಂದಲೇ, ಸಾಲಿನ ಕೊನೆಯ ಮಿಷನ್ ಕೊಟ್ಟಿದ್ದರು. ಅಲ್ಲಿ ಕೂತರೆ ಮುಖ ಗೋಡೆಗೆ, ಬೆನ್ನು ಇಡೀ ಕಾರ್ಖಾನೆಗೆ. ಕಿವಿ ಕೇಳದವರು ಲೋಕವನ್ನು ಕಣ್ಣಿನಿಂದ ಹಿಡಿದುಕೊಂಡಿರುತ್ತಾರೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಆ ದಿನ ಫ್ಲೋರ್ ಇನ್‌ಚಾರ್ಜ್ ಯೋಗಾನಂದರು ಹಿಂದಿನಿಂದ ಬಂದು ಅವಳ ಭುಜ ತಟ್ಟಿದ್ದರು. ಅವಳು ಬೆಚ್ಚಿಬಿದ್ದಳು. ಸೂಜಿ ಉಗುರಿನ ಮೇಲೆ ಇಳಿದು ಮುರಿಯಿತು. ಆ ಕಾರ್ಖಾನೆಯಲ್ಲಿ ಮುರಿದ ಸೂಜಿಯ ಎಲ್ಲ ಚೂರುಗಳೂ ಸಿಗುವವರೆಗೆ ಸಾಲು ನಿಲ್ಲಬೇಕು. ಹೊಲಿದ ಅಂಗಿಯೊಳಗೆ ಚೂರು ಸೇರಿ ಯಾವುದೋ ದೇಶದ ಯಾರಿಗೋ ಚುಚ್ಚಬಾರದಲ್ಲ.

"ತುದೀನೇ ಸಿಗ್ನಿಲ್ಲ ಕಣೆ," ಎಂದ ಬೋರಲಿಂಗಯ್ಯ. "ನೆಲಕ್ಕೆಲ್ಲ ಮ್ಯಾಗ್ನೆಟ್ ಹಾಕಿ ಬಾಚುದ್ವಿ. ಬಂಡಲ್ ಎಲ್ಲ ಬಿಚ್ಚಾಕುದ್ವಿ. ಆ ಹೆಣ್ಣು ಬೆರಳ ಎತ್ತಿ ಎತ್ತಿ ತೋರಿಸ್ತಾನೇ ಅವ್ಳೆ, ಒಬ್ರಾದ್ರೂ ಅವಳ ಕಡೆ ನೋಡ್ಬೇಕಲ್ಲ!"

"ಬೆರಳೊಳಗೇ ಇತ್ತಾ?"

"ಹೂ ಕಣೆ. ಮುಕ್ಕಾಲು ಗಂಟೆ. ಅಷ್ಟೊತ್ತೂ ಬೆರಳೊಳಗೇ ಇತ್ತು."

ಹೆಂಡತಿ, "ಅವಳ ಬೆನ್ನಿಗೊಂದು ಕಣ್ಣು ಬೇಕಾಗಿತ್ತು," ಎಂದಳು. ಬೋರಲಿಂಗಯ್ಯ ನನ್ನ ಕಡೆ ನೋಡಿದ. ಮಾರನೆಯ ಬೆಳಿಗ್ಗೆ ಸ್ಪ್ಯಾನರ್ ತಂದು ನನ್ನನ್ನು ಬಿಚ್ಚಿದ.

"ಇನ್ನು ಮ್ಯಾಲೆ ನನ್ ಮಾತು ಕೇಳೋದು ಬ್ಯಾಡ್ವಾ?" ಎಂದು ಬಾಗಿಲಲ್ಲಿ ನಿಂತ ಹೆಂಡತಿ ಕೇಳಿದಳು.

"ಇನ್ನೊಂದು ಅದೆಯಲ್ಲ ತಾಯಿ."

"ಅದು ಲಾರಿ ನೋಡಕ್ಕೆ."

"ನೀನೇನು ಲಾರಿಗಿಂತ ಕಮ್ಮಿಯಾ?" ಎಂದು ಅವನು ನನ್ನನ್ನು ಚೀಲಕ್ಕೆ ಹಾಕಿಕೊಂಡ.

ಕಾರ್ಖಾನೆಯೊಳಗೆ ಗಾಜು ತರುವಂತಿಲ್ಲ. ಅದಕ್ಕೂ ಸೂಜಿಯ ಕಾರಣವೇ. ಬೋರಲಿಂಗಯ್ಯ ನನ್ನ ಮುಖಕ್ಕೆ ತೆಳುವಾದ ಪಾರದರ್ಶಕ ಹಾಳೆ ಅಂಟಿಸಿದ, ಒಡೆದರೂ ಚೂರು ಉದುರದಿರಲಿ ಎಂದು. ಆಮೇಲೆ ದಾಕ್ಷಾಯಣಿಯ ಮಿಷನ್ನಿನ ದಾರದ ಸ್ಟ್ಯಾಂಡಿಗೆ ನನ್ನನ್ನು ಬಿಗಿದ. ಅವಳು ಕೂತಳು. ನನ್ನನ್ನು ಸ್ವಲ್ಪ ಎಡಕ್ಕೆ ತಿರುಗಿಸಿದಳು, ಸ್ವಲ್ಪ ಕೆಳಕ್ಕೆ. ಐದು ಸಾಲು ಮಿಷನ್‌ಗಳು, ಅರವತ್ತು ಹೆಂಗಸರು, ಬಾಗಿಲು, ಬಾಗಿಲಾಚೆಯ ಬಿಸಿಲು, ಎಲ್ಲವೂ ನನ್ನೊಳಗೆ ಬಂತು. ಅವಳು ತನ್ನ ಮುಖವನ್ನು ನೋಡಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದವಳು, ಒಂದು ಸಲವೂ ನೋಡಿಕೊಳ್ಳಲಿಲ್ಲ.

ಅವಳ ಹಿಂದಿನ ಮಿಷನ್ನು ಕೆಂಪಾಜಮ್ಮನದು. ನಲವತ್ತರ ಹತ್ತಿರದ, ಎಲೆಅಡಿಕೆ ಬಿಡಲಾರದ, ಬಾಯಿ ಬಿಗಿಹಿಡಿಯಲಾರದ ಹೆಂಗಸು. ಅದುವರೆಗೆ ದಾಕ್ಷಾಯಣಿಯನ್ನು ಕರೆಯಬೇಕಾದರೆ ಬಟ್ಟೆಯ ಚೂರನ್ನು ಉಂಡೆ ಮಾಡಿ ಅವಳ ಮುಂದಿನ ಗೋಡೆಗೆ ಎಸೆಯುತ್ತಿದ್ದಳು. ನಾನು ಬಂದ ಮೇಲೆ ಕೈ ಎತ್ತಿದರೆ ಸಾಕಾಯಿತು. ಆದರೂ ಅಭ್ಯಾಸಬಲದಿಂದ ದಿನಕ್ಕೊಂದು ಉಂಡೆ ಎಸೆಯುತ್ತಿದ್ದಳು. ದಾಕ್ಷಾಯಣಿ ಅದು ಹಾರಿ ಬರುವುದನ್ನು ನನ್ನಲ್ಲೇ ನೋಡಿ, ತಿರುಗದೆಯೇ ಎಡಗೈಯಲ್ಲಿ ಹಿಡಿಯುತ್ತಿದ್ದಳು. ಸಾಲೆಲ್ಲ ನಗುತ್ತಿತ್ತು.

ದಾಕ್ಷಾಯಣಿ ಎಲ್ಲರಿಗೂ ಕೈಯಲ್ಲೊಂದು ಹೆಸರಿಟ್ಟಿದ್ದಳು. ಕೆಂಪಾಜಮ್ಮನೆಂದರೆ ದವಡೆಗೆ ಎಲೆ ಒತ್ತರಿಸಿದಂತೆ ಒಂದು ಬೆರಳು. ಬೋರಲಿಂಗಯ್ಯನೆಂದರೆ ಸ್ಕ್ರೂ ತಿರುಗಿಸುವ ಕೈ. ಯೋಗಾನಂದರೆಂದರೆ ಮೂಗಿನ ಮೇಲೆ ಜಾರುವ ಕನ್ನಡಕವನ್ನು ಮೇಲೆತ್ತುವುದು. ನನಗೂ ಒಂದಿತ್ತು: ಎರಡು ಬೆರಳು ಕಣ್ಣಿನ ಬಳಿಯಿಂದ ಹೊರಟು ಹೆಗಲ ಮೇಲಿಂದ ಹಿಂದಕ್ಕೆ ಹೋಗುವುದು. ವಸ್ತುಗಳಿಗೆ ಹೆಸರಿಡುವವರು ಕಡಿಮೆ.

ಎರಡು ತಿಂಗಳು ಹೀಗೆ ನಡೆಯಿತು. ಅವಳ ಕಾಲರ್ ಹೊಲಿಗೆಯಲ್ಲಿ ಚೆಕಿಂಗಿನವರಿಗೆ ತಪ್ಪು ಸಿಗುತ್ತಿರಲಿಲ್ಲ. ಮೂರನೆಯ ತಿಂಗಳು ಅಂಗಿ ಕೊಳ್ಳುವ ಕಂಪನಿಯವರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಯಿತು. ಯೋಗಾನಂದರು ಸಾಲು ಸಾಲು ನೋಡುತ್ತ ಬಂದು ನನ್ನ ಮುಂದೆ ನಿಂತರು.

"ಏನ್ರೀ ಬೋರಲಿಂಗಯ್ಯ, ಇದು ಗಾಜಲ್ವೇನ್ರೀ? ಅವ್ರು ನೋಡುದ್ರೆ ನನ್ ಕುತ್ತಿಗೆಗೆ ಬರುತ್ತೆ. ತೆಗೀರಿ."

"ಆ ಹುಡುಗಿಗೆ ಸಾ..."

"ಮೂರು ದಿನ ಕಣ್ರೀ. ಆಮೇಲೆ ನೋಡೋಣ."

ಕೆಟ್ಟ ಮನುಷ್ಯನಲ್ಲ. ಹೆದರಿದ ಮನುಷ್ಯ. ನನ್ನನ್ನು ತಮ್ಮ ಮೇಜಿನ ಡ್ರಾಯರಿನೊಳಗಿಟ್ಟರು, ಗೀರು ಬೀಳದಿರಲಿ ಎಂದು ಅಡಿಗೊಂದು ಬಟ್ಟೆ ಹಾಸಿದರು. ಅದನ್ನೂ ಹೇಳಬೇಕು. ಡ್ರಾಯರು ಮುಚ್ಚಿತು. ಕನ್ನಡಿಗೆ ಕತ್ತಲೆಯೆಂದರೆ ಕೆಲಸವಿಲ್ಲದಿರುವುದು, ಅಷ್ಟೆ.

ಆ ಮೂರು ದಿನಗಳಲ್ಲಿ ನಡೆದದ್ದನ್ನು ನಾನು ಕಾಣಲಿಲ್ಲ. ಆದರೆ ಕೆಂಪಾಜಮ್ಮ ಮುಂದೆ ಎಷ್ಟು ವರ್ಷವಾದರೂ ಹೊಸ ಹುಡುಗಿಯರಿಗೆ ಅದನ್ನು ಹೇಳುತ್ತಿದ್ದಳು. ಹಾಗಾಗಿ ಕಣ್ಣಾರೆ ಕಂಡಷ್ಟೇ ಚೆನ್ನಾಗಿ ಗೊತ್ತು. ತಪಾಸಣೆಯವರು ಬಂದ ದಿನ ಬೆಂಕಿಯ ಅಣಕು ಕವಾಯತು ಮಾಡಿಸಿದರು. ಗಂಟೆ ಹೊಡೆಯಿತು. ನಿಯಮದಂತೆ ವಿದ್ಯುತ್ತು ತೆಗೆದರು. ಗಂಟೆ ಹೊಡೆದರೆ ದಾಕ್ಷಾಯಣಿಯ ಭುಜ ಮುಟ್ಟಿ ಎಬ್ಬಿಸುವ ಹೊಣೆ ಕೆಂಪಾಜಮ್ಮನದು. ಅವಳೇ ಕೇಳಿ ಪಡೆದ ಹೊಣೆ. ಆದರೆ ಎಲ್ಲರೂ ಎದ್ದು ನುಗ್ಗಿದಾಗ ಅವಳೂ ನುಗ್ಗಿದಳು. ಅಂಗಳದಲ್ಲಿ ತಲೆ ಎಣಿಸಿದರು. ಒಂದು ಕಡಿಮೆ. ಮತ್ತೆ ಎಣಿಸಿದರು.

ದಾಕ್ಷಾಯಣಿ ಒಳಗೇ ಇದ್ದಳು. ಮಿಷನ್ ನಿಂತಿತು, ದೀಪ ಆರಿತು. ಕರೆಂಟು ಹೋಗಿದೆ ಎಂದುಕೊಂಡಳು. ದಿನಕ್ಕೆರಡು ಸಲ ಹೋಗುವುದೇ ತಾನೆ. ಬೋರಲಿಂಗಯ್ಯ ಓಡಿಹೋಗಿ ನೋಡಿದರೆ, ಆ ಖಾಲಿ ಶೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಕಾಲರುಗಳ ದಾರದ ತುದಿ ಕತ್ತರಿಸುತ್ತಿದ್ದಳಂತೆ, ಕರೆಂಟು ಬರುವವರೆಗೆ ಹೊತ್ತು ವ್ಯರ್ಥವಾಗದಿರಲಿ ಎಂದು.

ಮೂರನೆಯ ದಿನ ಸಂಜೆ ಡ್ರಾಯರು ತೆರೆಯಿತು. ಬೆಳಕಿನಲ್ಲಿ ಮೊದಲು ಕಂಡದ್ದು ದಾಕ್ಷಾಯಣಿಯ ಮುಖ. ಅವಳ ಇನ್ನೊಂದು ಕೈಯಲ್ಲಿ ಒಂದು ಚೀಟಿ. ಚೀಟಿಯ ಅಕ್ಷರಗಳು ನನ್ನಲ್ಲಿ ತಿರುಗಿಬಿದ್ದರೂ ಅವು ನಾಲ್ಕೇ ಪದ: ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ. ಬರೆದ ಯೋಗಾನಂದರು ಮೇಜಿನಾಚೆ ನಿಂತು ಕನ್ನಡಕವನ್ನು ಮೇಲೆತ್ತಿಕೊಳ್ಳುತ್ತಿದ್ದರು. ಹೊರಡಲೆಂದು ಎದ್ದ ಹೆಂಗಸರು ಊಟದ ಡಬ್ಬಿ ಹಿಡಿದು ಹಾಗೇ ನಿಂತಿದ್ದರು.

ದಾಕ್ಷಾಯಣಿ ನನ್ನನ್ನು ಕೆಂಪಾಜಮ್ಮನ ಕೈಗಿಟ್ಟಳು. ಇನ್‌ಚಾರ್ಜರ ಅಂಗಿಯ ತೋಳು ಹಿಡಿದು ತನ್ನ ಮಿಷನ್ನಿನ ಕಡೆ ಎಳೆದಳು.

"ಏನಂತೆ ಇವಳದ್ದು?"

"ಕೂತ್ಕಬೇಕಂತೆ ಸಾ," ಎಂದಳು ಕೆಂಪಾಜಮ್ಮ. ಕಣ್ಣು ಅತ್ತು ಊದಿತ್ತು, ಬಾಯಿ ಮಾತ್ರ ಎಂದಿನಂತೆಯೇ ಇತ್ತು. "ಯಾಕ್ ಸಾ, ಹೊಲಿಯಾದು ಮರ್ತೋಯ್ತಾ? ಟೇಲರ್ ಆಗಿದ್ದೆ ಅಂತ ದಿನಾ ಅಂತಿದ್ರಿ?"

ಆ ಮಾತಿಗೆ ಯೋಗಾನಂದರು ಕೂತರು. ದಾಕ್ಷಾಯಣಿ ಬೋರಲಿಂಗಯ್ಯನತ್ತ ತಿರುಗಿ ಎರಡೂ ಕಿವಿ ಮುಚ್ಚಿ ತೋರಿಸಿದಳು. ಅವನಿಗೆ ತಕ್ಷಣ ಅರ್ಥವಾಗಿ, ಕಂಪ್ರೆಸರ್ ಕೋಣೆಯಲ್ಲಿ ಹಾಕಿಕೊಳ್ಳುವ ದಪ್ಪ ಕಿವಿಮುಚ್ಚಳ ತಂದು ಸಾಹೇಬರ ತಲೆಗೇರಿಸಿದ. ಅವಳು ಮುಂದೆ ನಾಲ್ಕು ಕಾಲರ್ ಇಟ್ಟು ಹೊಲಿಯಿರೆಂದು ಸನ್ನೆ ಮಾಡಿದಳು.

ಮೊದಲನೆಯದು ಅನುಮಾನದಿಂದಲೇ ಹೊಲಿದರು. ಎರಡನೆಯದಕ್ಕೆ ಕೈ ಹಳೆಯ ಹಾದಿ ಹಿಡಿಯಿತು. ಮೂರನೆಯದರಲ್ಲಿ ಸಂಪೂರ್ಣ ಮುಳುಗಿಹೋದರು. ನಾಲಿಗೆ ತುಟಿಯಂಚಿಗೆ ಬಂದಿತ್ತು. ದಾಕ್ಷಾಯಣಿ ಹಿಂದೆ ನಿಂತು ಕಾಯುತ್ತಿದ್ದಳು. ಆಗ ಒಂದೇ ಒಂದು ಬೆರಳನ್ನು ಅವರ ಭುಜದ ಮೇಲಿಟ್ಟಳು.

ಯೋಗಾನಂದರು ಸ್ಟೂಲಿನಿಂದ ಅರ್ಧ ಅಡಿ ಮೇಲೆದ್ದರು. ಹೊಲಿಗೆ ಕಾಲರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿಹೋಯಿತು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. "ಅಯ್ಯೋ ಸಾ, ದೆವ್ವ ಅಲ್ಲ, ಮನುಷ್ಯಾಳು!" ಎಂದಳು ಕೆಂಪಾಜಮ್ಮ.

ದಾಕ್ಷಾಯಣಿ ನಗಲಿಲ್ಲ. ಉಗುರು ಅರ್ಧವೇ ಬೆಳೆದಿದ್ದ ತನ್ನ ಬೆರಳನ್ನು ಅವರ ಕಣ್ಣ ಮುಂದೆ ಹಿಡಿದಳು. ಈ ಸಲ ಅವರು ನೋಡಿದರು.

ಆಮೇಲೆ ನನ್ನನ್ನು ಸ್ಟ್ಯಾಂಡಿಗೆ ಬಿಗಿದಳು. ನಾಲ್ಕನೆಯ ಕಾಲರ್ ತೋರಿಸಿ, ತಾನು ಸಾಲಿನ ಆ ತುದಿಗೆ ಹೋದಳು. ಅಲ್ಲಿಂದ ನಡೆದು ಬಂದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯೋಗಾನಂದರ ಕಣ್ಣು ನನ್ನ ಮೇಲೆ ಬಿತ್ತು. ಕಾಲು ಪೆಡಲ್ ಬಿಟ್ಟಿತು. ಮಿಷನ್ ಮೆಲ್ಲಗೆ ನಿಂತಿತು. ಅವರು ತಿರುಗಲಿಲ್ಲ, ನನ್ನನ್ನೇ ನೋಡುತ್ತ ಕೂತರು. ತಮ್ಮ ಬೆನ್ನ ಹಿಂದೆ ಆ ಹೆಂಗಸರು ಮಾಡುವ ಮುಖಗಳನ್ನು ಅವರು ಕಂಡದ್ದು ಅದೇ ಮೊದಲೆಂದು ತೋರುತ್ತದೆ.

ಕಿವಿಮುಚ್ಚಳ ತೆಗೆದು, "ಆವತ್ತು ಇದು ಇದ್ದಿದ್ರೆ ಅವಳಿಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದರು.

"ಎಲ್ಲ ಎದ್ದೋಗೋದು ಕಾಣ್ತಿರ್ಲಿಲ್ವಾ ಸಾ?" ಎಂದ ಬೋರಲಿಂಗಯ್ಯ. "ಡ್ರಾನಲ್ಲಿ ಇಟ್ರೆ ಏನ್ ಕಾಣ್ತದೆ."

"ತಪ್ಪು ನಂದು ಸಾ," ಎಂದಳು ಕೆಂಪಾಜಮ್ಮ. "ಮುಟ್ತೀನಿ ಅಂದಿದ್ದೋಳು ನಾನು. ಓಡೋದೋಳೂ ನಾನೇ. ಕಳ್ಸದಾದ್ರೆ ನನ್ನ ಕಳ್ಸಿ."

ಯೋಗಾನಂದರು ಸ್ಟೂಲಿನಿಂದ ಎದ್ದರು. ದಾಕ್ಷಾಯಣಿಯ ಕೈಯಿಂದ ಚೀಟಿಯನ್ನು ತೆಗೆದುಕೊಂಡು, ಮಡಿಸಿ, ಜೇಬಿಗೆ ಹಾಕಿಕೊಂಡರು. ಕ್ಷಮೆ ಕೇಳುವ ಬಗೆ ಒಬ್ಬೊಬ್ಬರದು ಒಂದೊಂದು ರೀತಿ.

ಮಾರನೆಯ ವಾರ ಅವಳ ಮಿಷನ್ನನ್ನು ಗೋಡೆಯಿಂದ ಎತ್ತಿ ಸಾಲಿನ ನಡುವೆ, ಬಾಗಿಲು ಕಾಣುವ ಜಾಗದಲ್ಲಿ ಇಟ್ಟರು. ಕೆಂಪಾಜಮ್ಮ ಜಗಳವಾಡಿ ಪಕ್ಕದ ಮಿಷನ್ ಹಿಡಿದಳು. ಬೋರಲಿಂಗಯ್ಯ ಗಂಟೆಯ ತಂತಿಗೆ ಒಂದು ಕೆಂಪು ದೀಪವನ್ನು ಜೋಡಿಸಿದ. ನನ್ನ ವಿಷಯವನ್ನು ಯೋಗಾನಂದರು ತಮ್ಮದೇ ರೀತಿಯಲ್ಲಿ ಬಗೆಹರಿಸಿದರು. ಕಾರ್ಖಾನೆಯಲ್ಲಿ ಗಾಜಿನ ವಸ್ತುಗಳ ಒಂದು ಪಟ್ಟಿಯಿತ್ತು: ಗಡಿಯಾರಗಳು, ಟ್ಯೂಬ್‌ಲೈಟುಗಳು, ಆಫೀಸಿನ ಕಿಟಕಿ. ಹದಿನಾರು ಸಾಲುಗಳಿದ್ದವು. ಅದರ ಕೆಳಗೆ ಬರೆದರು: ಹದಿನೇಳು, ಕನ್ನಡಿ, ದಾಕ್ಷಾಯಣಿಯ ಮಿಷನ್. ನನ್ನ ಚೌಕಟ್ಟಿಗೂ ಆ ಅಂಕಿ ಅಂಟಿಸಿದರು. ಅಂದಿನಿಂದ ಪ್ರತಿ ಬೆಳಿಗ್ಗೆ ಒಬ್ಬರು ಪಟ್ಟಿ ಹಿಡಿದು ಬಂದು, ಎಲ್ಲ ಗಾಜು ತನ್ನ ತನ್ನ ಜಾಗದಲ್ಲಿ ಒಡೆಯದೆ ಇದೆಯೇ ಎಂದು ನೋಡಿ ಗುರುತು ಹಾಕುತ್ತಿದ್ದರು. ಅಡಗಿ ಇದ್ದ ನನಗೆ ಹಾಜರಿ ಬಂತು.

ಇನ್ನೊಂದು ಬದಲಾವಣೆಯನ್ನು ನಾನು ಮಾತ್ರ ಗಮನಿಸಿದೆನೇನೋ. ಯೋಗಾನಂದರು ಆಮೇಲೆ ಯಾರನ್ನೂ ಹಿಂದಿನಿಂದ ಮಾತಾಡಿಸಲಿಲ್ಲ. ಕಿವಿ ಕೇಳುವವರನ್ನು ಕೂಡ. ಸಾಲು ಸುತ್ತಿ ಎದುರಿಗೆ ಬಂದು ನಿಂತು ಮಾತಾಡುತ್ತಿದ್ದರು. ವರ್ಗವಾಗಿ ಹೋಗುವವರೆಗೂ ಹಾಗೆಯೇ ಮಾಡಿದರು.

ವರ್ಷಗಳು ಹೋದವು. ಅದೇ ಶಾಲೆಯಿಂದ ಇನ್ನೂ ಇಬ್ಬರು ಹುಡುಗಿಯರು ಬಂದರು, ಅವರ ಮಿಷನ್‌ಗಳಲ್ಲಿ ಹದಿನೆಂಟು, ಹತ್ತೊಂಬತ್ತು ಬಂದವು. ದಾಕ್ಷಾಯಣಿ ಹೊಸಬರಿಗೆ ಕಾಲರ್ ಕಲಿಸುವವಳಾದಳು. ಕಿವಿಯುಳ್ಳ ಹುಡುಗಿಯರೂ ಅವಳ ಕೈ ನೋಡಿ ಕಲಿತರು. ಆ ಸದ್ದಿನಲ್ಲಿ ಬಾಯಿಮಾತಿಗಿಂತ ಕೈಮಾತೇ ಬೇಗ ಮುಟ್ಟುತ್ತದೆ ಎಂದು ಅವರಿಗೆ ತಿಳಿದುಹೋಯಿತು.

ಹದಿನೇಳನೆಯದೋ ಹದಿನೆಂಟನೆಯದೋ ವರ್ಷ, ಪಕ್ಕದ ಮಿಷನ್ನಿನಿಂದ ಕೆಂಪಾಜಮ್ಮ ನನ್ನತ್ತ ನೋಡುವುದು ಹೆಚ್ಚಾಯಿತು. ಮೊದಲು ಬೊಟ್ಟು ಸರಿಮಾಡಿಕೊಳ್ಳಲೆಂದುಕೊಂಡೆ. ಹಾಗಲ್ಲ. ಸೂಪರ್‌ವೈಸರ್ ಹಿಂದೆ ನಿಂತು ಮಾತಾಡಿದಾಗ ಅವಳು ಓರೆಗಣ್ಣಿನಿಂದ ನನ್ನಲ್ಲಿ ತುಟಿ ಹುಡುಕುತ್ತಿದ್ದಳು. ಸಿಗದಿದ್ದರೆ ಒಂದು ನಗೆಚಟಾಕಿ ಹಾರಿಸಿ, ಎರಡನೆಯ ಸಲ ಹೇಳಿಸುತ್ತಿದ್ದಳು. ಇಷ್ಟು ವರ್ಷ ಆ ಮಿಷನ್‌ಗಳ ನಡುವೆ ಕೂತ ಕಿವಿಗಳು ಸದ್ದಿಲ್ಲದೆ ಸೋತಿದ್ದವು. ಸರ್ವಿಸು ಇನ್ನೂ ಎರಡು ವರ್ಷವಿತ್ತು. ಹೊಸ ಇನ್‌ಚಾರ್ಜ್ ಯುವಕ, ಟಾರ್ಗೆಟ್ಟಿನ ಮನುಷ್ಯ. ವಯಸ್ಸಾದ ಇಬ್ಬರನ್ನು ಆಗಲೇ ದಾರ ಕತ್ತರಿಸುವ ಕೆಲಸಕ್ಕೆ ಇಳಿಸಿದ್ದ, ಅವರು ನಾಚಿ ತಾವೇ ಬಿಟ್ಟುಹೋಗಿದ್ದರು.

ದಾಕ್ಷಾಯಣಿ ನನಗಿಂತ ಮೊದಲೇ ಕಂಡಿದ್ದಳು. ತುಟಿ ನೋಡುವವರನ್ನು ತುಟಿ ನೋಡುವವರು ಗುರುತಿಸುತ್ತಾರೆ. ಒಂದು ದಿನ ಊಟದ ಹೊತ್ತಿನಲ್ಲಿ ತನ್ನ ಕಿವಿ ಮುಟ್ಟಿ, ಕೆಂಪಾಜಮ್ಮನ ಕಡೆ ಬೆರಳು ತೋರಿ, ಹುಬ್ಬೇರಿಸಿದಳು.

"ನನ್ ಕಿವಿಗೇನಾಗದೆ? ಗುಂಡುಕಲ್ಲಂಗದೆ," ಎಂದಳು ಕೆಂಪಾಜಮ್ಮ. ಆಮೇಲೆ ದಾಕ್ಷಾಯಣಿಯ ಕೈ ಹಿಡಿದುಕೊಂಡಳು. "ಯಾರ್ಗೂ ಅನ್ಬ್ಯಾಡ ಕಣವ್ವ. ಎರಡೊರ್ಷ. ಹೆಂಗೋ ತಳ್ಬುಡ್ತೀನಿ."

ಬೇರೆಯವಳ ಕೆಲಸ ಉಳಿಯಲೆಂದು ಹಿಂದೊಮ್ಮೆ 'ನನ್ನ ಕಳ್ಸಿ' ಎಂದಿದ್ದ ಹೆಂಗಸು ಅವಳು. ತನ್ನ ಸರದಿ ಬಂದಾಗ ಹೆದರಿದಳು. ಅದರಲ್ಲಿ ಆಶ್ಚರ್ಯವಿಲ್ಲ.

ಅಂದು ಸಂಜೆ ಎಲ್ಲರೂ ಹೋಗುವಾಗ ದಾಕ್ಷಾಯಣಿ ಉಳಿದುಕೊಂಡು, ನನ್ನನ್ನು ತನ್ನ ಸ್ಟ್ಯಾಂಡಿನಿಂದ ಬಿಚ್ಚಿ ಕೆಂಪಾಜಮ್ಮನ ಸ್ಟ್ಯಾಂಡಿಗೆ ಬಿಗಿದಳು. ದಾಕ್ಷಾಯಣಿಗೆ ಈಗ ಬಾಗಿಲು ಎದುರಿಗೇ ಇತ್ತು, ಕೆಂಪು ದೀಪವಿತ್ತು, ಅವಳನ್ನು ಬಲ್ಲ ಅರವತ್ತು ಜನರಿದ್ದರು.

ಬೆಳಿಗ್ಗೆ ಕೆಂಪಾಜಮ್ಮ ಬಂದು ನನ್ನನ್ನು ನೋಡಿ ಬೆಚ್ಚಿದಳು. ಬಿಚ್ಚಲು ಕೈ ಹಾಕಿದಳು, ಹಿಡಿ ಬಿಗಿಯಾಗಿತ್ತು. ಅಷ್ಟರಲ್ಲಿ ಗಾಜಿನ ಪಟ್ಟಿಯ ಹುಡುಗಿ ಬಂದಳು. ಜೊತೆಗೆ ಹೊಸ ಇನ್‌ಚಾರ್ಜ್. ದಾಕ್ಷಾಯಣಿಯ ಬೆನ್ನ ಹಿಂದೆ ನಿಂತು ಹುಡುಗಿ ತಲೆಯೆತ್ತಿದಳು.

"ಹದಿನೇಳು ಇಲ್ವಲ್ಲ! ಹದಿನೇಳು ಎಲ್ಲಿ?"

ಗಾಜು ಕಾಣೆಯಾದರೆ ಸಾಲು ನಿಲ್ಲಬೇಕು. ಒಂದೊಂದಾಗಿ ಮಿಷನ್‌ಗಳು ನಿಂತವು. ಎಲ್ಲರೂ ಹುಡುಕುವ ಕಣ್ಣಿನಿಂದ ಸುತ್ತ ನೋಡಿದರು. ಕೆಂಪಾಜಮ್ಮ ಹುಡುಗಿಯ ಕಡೆ ಬೆನ್ನು ಮಾಡಿ ಕೂತಿದ್ದಳು. ಹುಡುಗಿ ಕೇಳಿದ್ದು ಅವಳ ಕಿವಿಗೆ ಬಿದ್ದಿರಲಾರದು. ಆದರೆ ನನ್ನಲ್ಲಿ ಆ ತುಟಿಗಳು ಸ್ಪಷ್ಟವಾಗಿದ್ದವು. ಕೆಂಪಾಜಮ್ಮ ಅವನ್ನು ಓದಿದಳು. ಮರೆತು ಇಟ್ಟುಹೋಗಿದ್ದಾಳೆ ಎಂದು ದಾಕ್ಷಾಯಣಿಯ ಮೇಲೆ ಹೇಳಿದ್ದರೆ ಮುಗಿಯುತ್ತಿತ್ತು. ನನ್ನೊಳಗೆ ಅವಳ ಮುಖ ತುಂಬ ಹತ್ತಿರವಿತ್ತು. ಎಲೆಅಡಿಕೆ ಜಗಿಯುವುದು ನಿಂತಿತ್ತು.

"ಇಲ್ಲೇ ಅದೆ," ಎಂದು ಎದ್ದು ನಿಂತಳು. "ನಂದೇಯ. ಕಿವಿ ಕೇಳ್ಸಲ್ಲ ಸಾ ನಂಗೆ. ಎರಡು ವರ್ಷಾಯ್ತು. ಬರ್ಕಳವ್ವ, ಹದಿನೇಳು, ಕೆಂಪಾಜಮ್ಮನ ಮಿಷನ್ನು."

ಹೊಸ ಇನ್‌ಚಾರ್ಜ್ ಪಟ್ಟಿ ತೆಗೆದುಕೊಂಡು ನೋಡಿದ. ಅದರಲ್ಲಿ ಹಳೆಯ ಕೈಬರಹದಲ್ಲಿ ಕನ್ನಡಿಗೊಂದು ಸಾಲಿತ್ತು, ಹದಿನೆಂಟು ವರ್ಷದ ಸಹಿಗಳಿದ್ದವು. ಇರುವ ಸಾಲಿನಲ್ಲಿ ಹೆಸರೊಂದನ್ನು ಬದಲಿಸುವುದು ಸುಲಭ. ಯೋಗಾನಂದರಿಗೆ ಇದು ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಅವನು ಹೆಸರು ಹೊಡೆದು ಹೊಸದು ಬರೆದ. ಮಿಷನ್‌ಗಳು ಮತ್ತೆ ಹೊರಟವು. ಕೆಂಪಾಜಮ್ಮನ ಮಿಷನ್ನಿನ ಮೇಲೆ ಬಟ್ಟೆಯ ಒಂದು ಉಂಡೆ ಬಂದು ಬಿತ್ತು. ಎಸೆದದ್ದು ದಾಕ್ಷಾಯಣಿ.

ಎರಡು ವರ್ಷ ಕೆಂಪಾಜಮ್ಮ ಅಲ್ಲೇ ಕೂತು ಹೊಲಿದಳು. ನಿವೃತ್ತಿಯ ದಿನ ನನ್ನನ್ನು ಪಟ್ಟಿಯಿಂದ ಬಿಡಿಸಿ ಅವಳ ಕೈಗೆ ಕೊಟ್ಟರು.

ಈಗ ನಾನು ಕೆಂಪಾಜಮ್ಮನ ನಡುಮನೆಯಲ್ಲಿ, ಅವಳು ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಿಷನ್ನಿನ ಮೇಲಿದ್ದೇನೆ. ನನ್ನ ಬೆಳ್ಳಿ ಅಂಚಿನಿಂದ ಕರಗುತ್ತಿದೆ, ಕೆಳಭಾಗದಲ್ಲಿ ಬರುವವರ ಪಾದಗಳು ಕಾಣುವುದಿಲ್ಲ. ಹದಿನೇಳರ ಚೀಟಿ ಇನ್ನೂ ಇದೆ. ಬೆಳಕಿಗಾಗಿ ಅವಳು ಮಿಷನ್ನನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಾಳೆ. ಹಾಗಾಗಿ ಬಾಗಿಲು ಬೆನ್ನಿಗೆ, ಅದನ್ನು ಕಾಯುವುದು ನನ್ನ ಕೆಲಸ. ಬಹಳ ಜನ ಬರುವುದಿಲ್ಲ.

ಭಾನುವಾರ ದಾಕ್ಷಾಯಣಿ ಬರುತ್ತಾಳೆ. ಹೊಸ್ತಿಲ ಬಳಿ ನಿಲ್ಲುತ್ತಾಳೆ, ಒಳಗೆ ಕಾಲಿಡುವುದಿಲ್ಲ, ಭುಜ ಮುಟ್ಟುವುದಿಲ್ಲ. ನಾನು ತೋರಿಸುವವರೆಗೆ ಕಾಯುತ್ತಾಳೆ. ಕೆಂಪಾಜಮ್ಮ ಕಾಲು ನಿಲ್ಲಿಸುತ್ತಾಳೆ. ತಿರುಗುವ ಮೊದಲು, ನನ್ನೊಳಗೇ, ತುಟಿಯನ್ನು ಅಗಲಿಸಿ ನಿಧಾನವಾಗಿ ಹೇಳುತ್ತಾಳೆ:

"ಬಾ ಕಣವ್ವ. ನೋಡ್ದೆ."